‘ಹೊಂದು’, ‘ಒಗ್ಗು’, ‘ಆನ್ ಆಗು’: ಕಂಪ್ಯೂಟರ್ ಜೋಡಣೆಯ ಬರಹದಲ್ಲಿ ಯಾವುದು ಎಲ್ಲಿ?

ಮಾನ್ಯರೇ,

ಆಟಗಳಿಗಾಗಿ ಡೆಸ್ಕ್‌ಟಾಪ್ ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳುವವರಿಗೆಂದು ಕನ್ನಡದಲ್ಲಿ ಒಂದು ಕೈಪಿಡಿಯನ್ನು ಬರೆಯುತ್ತಿದ್ದೇನೆ. ಮದರ್‌ಬೋರ್ಡ್, ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಎಂಬ ಹೆಸರುಗಳು ಅಂಗಡಿಯಲ್ಲೂ ಮನೆಯಲ್ಲೂ ಬಳಕೆಯಲ್ಲಿರುವುದರಿಂದ ಅವುಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. (ಇಡೀ ಪೆಟ್ಟಿಗೆಯನ್ನೇ ‘ಸಿಪಿಯು’ ಎನ್ನುವ ರೂಢಿ ನಮ್ಮಲ್ಲಿರುವುದರಿಂದ ಒಳಗಿನ ಚಿಪ್ಪನ್ನು ಪ್ರೊಸೆಸರ್ ಎಂದೇ ಬರೆಯಬೇಕಾಗಿದೆ.) ತೊಡಕಿರುವುದು ಕ್ರಿಯಾಪದಗಳಲ್ಲಿ.

ಒಂದು ಭಾಗ ಇನ್ನೊಂದರೊಡನೆ ಕೆಲಸ ಮಾಡಬಲ್ಲದೇ ಎಂಬುದನ್ನು ಹೇಳಲು ಮೊದಲು ನೆನಪಾಗುವುದು ‘ಹೊಂದು’, ‘ಹೊಂದಾಣಿಕೆ’. ಆದರೆ ಬರಹದ ಕನ್ನಡದಲ್ಲಿ ‘ಹೊಂದು’ ಎಂಬುದಕ್ಕೆ ‘ಪಡೆದಿರು’ ಎಂಬ ಅರ್ಥವೂ ಗಟ್ಟಿಯಾಗಿ ನೆಲೆಸಿದೆ. ‘ಡಿಡಿಆರ್5 ಹೊಂದಿದ ಬೋರ್ಡ್’ ಎಂದು ಬರೆದರೆ ಆ ಬಗೆಯ ರ್‍ಯಾಮ್ ಬೋರ್ಡಿನ ಜೊತೆಗೇ ಬರುತ್ತದೆಂದು ಓದುಗರು ತಿಳಿದಾರು. ‘ಹೊಂದಾಣಿಕೆ’ಯಂತೂ ಪತ್ರಿಕೆಗಳಲ್ಲಿ ಸೀಟು ಹಂಚಿಕೆಯ ಪದವಾಗಿಬಿಟ್ಟಿದೆ.

ಆಡುಮಾತಿನಲ್ಲಿ ಇದಕ್ಕಿಂತ ನಿಖರವಾದ ಪದಗಳಿವೆ ಎನಿಸುತ್ತದೆ. ಉದ್ದನೆಯ ಗ್ರಾಫಿಕ್ಸ್ ಕಾರ್ಡ್ ಕ್ಯಾಬಿನೆಟ್ಟಿನಲ್ಲಿ ‘ಹಿಡಿಸುತ್ತದೆ’, ಎಸ್‌ಎಂಪಿಎಸ್ ಕೊಡುವ ವಿದ್ಯುತ್ತು ‘ಸಾಲುತ್ತದೆ’, ಪ್ರೊಸೆಸರ್ ಸಾಕೆಟ್ಟಿನಲ್ಲಿ ‘ಕೂರುತ್ತದೆ’. ಆದರೆ ಕೂತದ್ದೆಲ್ಲ ಕೆಲಸ ಮಾಡುವುದಿಲ್ಲ. 2017ರಲ್ಲಿ ಬಂದ ಇಂಟೆಲ್‌ನ ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೂ ಅವುಗಳ ಹಿಂದಿನವುಗಳಿಗೂ ಸಾಕೆಟ್ಟಿನ ಹೆಸರು ಎಲ್‌ಜಿಎ 1151 ಎಂದೇ ಇತ್ತು. ಆದರೂ 100 ಮತ್ತು 200 ಸರಣಿಯ ಚಿಪ್‌ಸೆಟ್ (ಬೋರ್ಡಿನ ಭಾಗಗಳ ನಡುವಿನ ಸಂಪರ್ಕ ನೋಡಿಕೊಳ್ಳುವ ಚಿಪ್ಪು) ಇದ್ದ ಹಳೆಯ ಬೋರ್ಡುಗಳಿಗೆ ಹೊಸ ಪ್ರೊಸೆಸರ್‌ಗಳು ಸಲ್ಲಲಿಲ್ಲ, 300 ಸರಣಿಯ ಬೋರ್ಡೇ ಬೇಕಾಯಿತು. ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ ಪರಿಸ್ಥಿತಿ ಬೇರೆ: ರೈಜನ್ 5000 ಸರಣಿಯ ಪ್ರೊಸೆಸರ್ ಹಳೆಯ ಬೋರ್ಡುಗಳಲ್ಲಿಯೂ ಕೂರುತ್ತದೆ, ಆದರೆ ಬಯಾಸ್ (ಬೋರ್ಡಿನಲ್ಲೇ ಇದ್ದು ಆರಂಭದ ಕೆಲಸ ನಡೆಸುವ ತಂತ್ರಾಂಶ) ಹೊಸದಾಗದ ಹೊರತು ಬೋರ್ಡ್ ಅದನ್ನು ಗುರುತಿಸುವುದಿಲ್ಲ. ಇದಕ್ಕೆ ವಿರುದ್ಧವಾಗಿ ಡಿಡಿಆರ್4 ಮತ್ತು ಡಿಡಿಆರ್5 ಎರಡರಲ್ಲೂ 288 ಪಿನ್ನುಗಳೇ ಇದ್ದರೂ ಕಚ್ಚಿನ ಜಾಗ ಬೇರೆಯಾದ್ದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದೇ ಇಲ್ಲ.

ಹೀಗೆ ಕೂತೂ ನಡೆಯದ ಸ್ಥಿತಿಗೆ ‘ಒಗ್ಗುವುದಿಲ್ಲ’ ಎಂದು ಬರೆಯುವುದು ನನಗೆ ಒಪ್ಪಿತವಾಗಿ ತೋರುತ್ತದೆ. ಊರಿನ ನೀರು ಮೈಗೆ ಒಗ್ಗದು ಎನ್ನುವಾಗಲೂ ಒಳಗಿನ ಒಪ್ಪಿಗೆಯ ಮಾತೇ ಇದೆ. ಆದರೆ ಜೀವವಿಲ್ಲದ ಎರಡು ವಸ್ತುಗಳ ನಡುವೆ ಈ ಪದ ಸಹಜವಾಗಿ ನಿಲ್ಲುತ್ತದೆಯೇ? ‘ಒಗ್ಗುವಿಕೆ’ ಎಂಬ ನಾಮರೂಪ ನನ್ನ ಕಿವಿಗೆ ಕೃತಕವಾಗಿ ಕೇಳುತ್ತಿದೆ.

ಎರಡನೆಯ ಪ್ರಶ್ನೆ ದೋಷ ಹುಡುಕುವ ಅಧ್ಯಾಯದ್ದು, ಮತ್ತು ಅದೇ ಹೆಚ್ಚು ತುರ್ತಿನದು. ‘ಕಂಪ್ಯೂಟರ್ ಆನ್ ಆಗುತ್ತಿಲ್ಲ’ ಎಂಬ ಒಂದೇ ವಾಕ್ಯ ಮೂರು ಬೇರೆ ಬೇರೆ ಸ್ಥಿತಿಗಳಿಗೆ ಬಳಕೆಯಾಗುತ್ತಿದೆ. ಬಟನ್ ಒತ್ತಿದರೂ ಫ್ಯಾನ್ ತಿರುಗದಿರುವುದು ಒಂದು. ಇಲ್ಲಿ ನೋಡಬೇಕಾದದ್ದು ಎಸ್‌ಎಂಪಿಎಸ್‌ನ ಸ್ವಿಚ್ಚು, 24 ಪಿನ್ನಿನ ಕೇಬಲ್, ಕ್ಯಾಬಿನೆಟ್ಟಿನ ಬಟನ್ನಿನಿಂದ ಬರುವ ಸಣ್ಣ ತಂತಿ. ಫ್ಯಾನ್ ತಿರುಗಿದರೂ ಬೋರ್ಡ್ ಆರಂಭದಲ್ಲಿ ನಡೆಸುವ ಸ್ವಪರೀಕ್ಷೆ ಮುಗಿಯದೆ ನಿಲ್ಲುವುದು ಇನ್ನೊಂದು. ಪ್ರೊಸೆಸರಿಗೆ ವಿದ್ಯುತ್ ಕೊಡುವ 8 ಪಿನ್ನಿನ ಕೇಬಲ್ ಸಿಕ್ಕಿಸದಿರುವುದು, ರ್‍ಯಾಮ್ ಪೂರ್ತಿ ಕೂರದಿರುವುದು ಇದರ ಸಾಮಾನ್ಯ ಕಾರಣಗಳು. ಸ್ವಪರೀಕ್ಷೆ ಮುಗಿದರೂ ವಿಂಡೋಸ್ ಏಳದಿರುವುದು ಮೂರನೆಯದು.

ಅಂಗಡಿಯವರು ಎರಡನೆಯ ಸ್ಥಿತಿಯನ್ನು ‘ಡಿಸ್‌ಪ್ಲೇ ಬರುತ್ತಿಲ್ಲ’ ಎನ್ನುತ್ತಾರೆ. ಅದು ಕಂಡದ್ದನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ, ಕೇಳಿದವರ ಗಮನ ಮಾನಿಟರಿನ ಕಡೆಗೇ ಹೋಗುತ್ತದೆ. ಮೇಲಾಗಿ, ಸ್ವಪರೀಕ್ಷೆ ಸರಿಯಾಗಿ ಮುಗಿದಿದ್ದೂ ಪರದೆ ಕಪ್ಪಾಗಿರುವುದುಂಟು. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಳಗೂಡಿದ ಗ್ರಾಫಿಕ್ಸ್ ಇರುವುದಿಲ್ಲವಾದ್ದರಿಂದ, ಮಾನಿಟರಿನ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿನ ಬದಲು ಬೋರ್ಡಿಗೆ ಸಿಕ್ಕಿಸಿದರೆ ಏನೂ ಕಾಣದು. ಇನ್ನು ಎಎಂಡಿಯ ಎಎಂ5 ಸಾಕೆಟ್ಟಿನ ಬೋರ್ಡುಗಳಲ್ಲಿ ಸ್ವಪರೀಕ್ಷೆ ನಡೆಯುತ್ತಿರುವಾಗಲೇ, ಮೊದಲ ಸಲ ರ್‍ಯಾಮನ್ನು ಹದಗೊಳಿಸಿಕೊಳ್ಳಲು ಹಲವು ನಿಮಿಷಗಳೇ ಹಿಡಿಯಬಹುದು. ಅದು ಕೆಟ್ಟಿರುವುದಲ್ಲ, ಕಾಯಬೇಕಾದದ್ದು.

ಸ್ವಪರೀಕ್ಷೆ ಮುಗಿಯುವುದಕ್ಕೆ ತಂತ್ರಜ್ಞರು ಆಡುವ ‘ಪೋಸ್ಟ್ ಆಗು’ ಎಂಬ ಮಾತನ್ನು ಕನ್ನಡದಲ್ಲಿಟ್ಟರೆ ಅಂಚೆಯೋ ಜಾಲತಾಣದ ಬರಹವೋ ನೆನಪಾಗುತ್ತದೆ. ಸದ್ಯಕ್ಕೆ ಮೂರು ಹಂತಗಳನ್ನು ‘ಪವರ್ ಬರು’, ‘ಸ್ವಪರೀಕ್ಷೆ ದಾಟು’, ‘ವಿಂಡೋಸ್ ಏಳು’ ಎಂದು ಬರೆದಿದ್ದೇನೆ. ನಡುವಿನದು ಉಳಿದೆರಡರ ಪಕ್ಕದಲ್ಲಿ ಪಠ್ಯಪುಸ್ತಕದ ಮಾತಿನಂತಿದೆ. ರಿಪೇರಿಯ ಕೆಲಸದಲ್ಲಿರುವವರು ಈ ಹಂತಕ್ಕೆ ಬೇರೆ ಮಾತನ್ನೇನಾದರೂ ಆಡುತ್ತಿದ್ದರೆ, ಅದನ್ನು ಯಾವ ಊರಿನ ಕಡೆ ಕೇಳಿದಿರೆಂಬುದರೊಡನೆ ತಿಳಿಸಬೇಕಾಗಿ ಕೋರುತ್ತೇನೆ.