ಅಪ್ಪನಿಗೆ ಬಟನ್ ಚಾಕು ಕೊಡಿಸಬಹುದಾ? ಕಾನೂನು ಗೊತ್ತಿರುವವರು ಹೇಳಿ

ತೋಟದ ಹುಡುಗ, ಹಿರಿಯೂರು

ಎಲ್ಲರಿಗೂ ನಮಸ್ಕಾರ. ಹಿರಿಯೂರು ಹತ್ತಿರ ನಮ್ಮದು ಎರಡೂವರೆ ಎಕರೆ ದಾಳಿಂಬೆ ತೋಟ. ಅಪ್ಪನಿಗೆ ಈಗ 62. ಆರು ವರ್ಷದ ಹಿಂದೆ ಒಕ್ಕಣೆ ಮಿಷನ್‌ಗೆ ಸಿಕ್ಕಿ ಎಡಗೈ ಮೊಣಕೈವರೆಗೆ ಹೋಯಿತು. ಗಾಯ ಮಾಯುವ ಮೊದಲೇ ತೋಟಕ್ಕೆ ಇಳಿದವರು ಇವತ್ತಿನವರೆಗೂ ಮನೆಯಲ್ಲಿ ಕೂತಿಲ್ಲ.

ಒಂದನ್ನು ಮಾತ್ರ ನನ್ನ ಕೈಲಿ ನೋಡಲು ಆಗುವುದಿಲ್ಲ. ಅವರ ಜೇಬಿನಲ್ಲಿ ಹಳೆಯ ಮಡಚುವ ಚಾಕು ಇದೆ. ಗೊಬ್ಬರದ ಚೀಲ ಬಿಚ್ಚಲು, ಕೊಂಬೆಗೆ ಕಟ್ಟಿದ ದಾರ ಕೊಯ್ಯಲು, ಡ್ರಿಪ್ ಪೈಪ್ ತುಂಡು ಮಾಡಲು, ಎಲ್ಲಕ್ಕೂ ಅದೇ. ಹಿಡಿಯನ್ನು ಬಲಗೈಯಲ್ಲಿ ಹಿಡಿದು, ಅಲಗಿನ ಮೇಲಿರುವ ಉಗುರು ಗೀರಿಗೆ ಹಲ್ಲು ಕೊಟ್ಟು ಎಳೆಯುತ್ತಾರೆ. ಮುಚ್ಚುವಾಗ ತೊಡೆಗೆ ಒತ್ತುತ್ತಾರೆ. ಅವರ ಪ್ಯಾಂಟುಗಳಲ್ಲಿ ಬಲತೊಡೆಯ ಮೇಲೆ ಸೀಳು ಇಲ್ಲದ್ದು ಒಂದೂ ಇಲ್ಲ. ಹೋದ ವಾರ ಚಾಕು ಜಾರಿ ಕೆಳತುಟಿ ಕೊಯ್ದುಕೊಂಡಿತು. ಎರಡು ಹೊಲಿಗೆ. "ಏನಾಗಿಲ್ಲ ಬಿಡೋ" ಅಂದರು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಆನ್‌ಲೈನ್‌ನಲ್ಲಿ ಬಟನ್ ಒತ್ತಿದರೆ ತಾನೇ ತೆರೆಯುವ ಚಾಕು ನೋಡಿದೆ. ಅಲಗು ಮೂರೂವರೆ ಇಂಚು. ಒಂದೇ ಕೈ ಸಾಕು. ಆದರೆ ಬೆಂಗಳೂರಿನ ಗೆಳೆಯ "ಅದು ಇಟ್ಟುಕೊಂಡರೆ ಒಳಗೆ ಹಾಕ್ತಾರೆ" ಅನ್ನುತ್ತಾನೆ. ನಿಜವಾ? ತರಿಸಬಹುದಾ? ತರಿಸಿದರೂ ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡೇ ಬಸ್ ಹತ್ತಿ ಚಿತ್ರದುರ್ಗಕ್ಕೆ ಹೋಗುತ್ತಾರೆ, ಅದೇ ನನ್ನ ಭಯ.

ವಕೀಲ, ಚಿತ್ರದುರ್ಗ

ತಮ್ಮಾ, ಮೊದಲು ನಿಮ್ಮ ತಂದೆಗೆ ನನ್ನ ನಮಸ್ಕಾರ ಹೇಳಿ.

ದೇಶಕ್ಕೆಲ್ಲ ಇರುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕು, ಕತ್ತಿಗಳು ಆ ನಿಯಮಗಳ ಆಯುಧದ ಪಟ್ಟಿಗೆ ಬರುತ್ತವೆ. ಮನೆಗೆಲಸಕ್ಕೆ, ಬೇಸಾಯಕ್ಕೆ ಅಂತ ಮಾಡಿದವನ್ನು ಪಟ್ಟಿಯಿಂದ ಬಿಟ್ಟಿದ್ದಾರೆ. ಹಾಗಾಗಿಯೇ ನಮ್ಮ ಕಡೆ ಮಚ್ಚು, ಕುಡುಗೋಲಿಗೆ ಯಾರೂ ಲೈಸೆನ್ಸ್ ಮಾಡಿಸುವುದಿಲ್ಲ. ನಿಮ್ಮ ಮೂರೂವರೆ ಇಂಚು ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ.

ಇಷ್ಟು ಓದಿ ಆರ್ಡರ್ ಹಾಕಬೇಡಿ. ಅದೇ ಕಾಯ್ದೆಯ 4ನೇ ಕಲಂ ಪ್ರಕಾರ ಒಂದು ಪ್ರದೇಶಕ್ಕೆ ಬೇರೆ ಅಧಿಸೂಚನೆ ಹೊರಡಿಸಬಹುದು. ದೆಹಲಿಯಲ್ಲಿ 1980ರಲ್ಲೇ ಹೊರಡಿಸಿದ್ದಾರೆ. ಅಲ್ಲಿ ಬಟನ್ ಚಾಕು, ಸ್ಪ್ರಿಂಗ್ ಚಾಕುಗಳ ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಮುಟ್ಟಿದರೆ ಅಧಿಸೂಚನೆಗೆ ಸಿಕ್ಕಿತು. ನಿಮ್ಮದು ಸುಮಾರು 8.9 ಸೆಂ.ಮೀ. ಉದ್ದ. ಅಗಲವೂ ಆ ಅಳತೆ ಮುಟ್ಟಿದರೆ ಅದೇ ಚಾಕು ದೆಹಲಿಯಲ್ಲಿ ತೊಂದರೆ. ಮಾರುವವರು "ಎಲ್ಲ ಕಡೆ ಲೀಗಲ್" ಅಂತ ಬರೆದಿದ್ದರೆ ನಂಬಬೇಡಿ. ವಿದೇಶದಿಂದ ತರಿಸುವ ಯೋಚನೆಯಂತೂ ಬೇಡ. ಆಯುಧ ಅಂತ ಕಂಡರೆ ಕಸ್ಟಮ್ಸ್‌ನವರು ತಡೆಹಿಡಿಯಬಹುದು.

ಇನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುವ ವಿಷಯ. ನನಗೆ ಚಿಂತೆ ಇರುವುದು ಇಲ್ಲೇ. ಚುನಾವಣೆ, ಗಲಾಟೆ, ದೊಡ್ಡ ಮೆರವಣಿಗೆ ಇದ್ದಾಗ ಜಿಲ್ಲಾಧಿಕಾರಿಗಳು ನಿಷೇಧಾಜ್ಞೆ ಹಾಕುತ್ತಾರೆ. ಆಗ ಚಾಕು, ದೊಣ್ಣೆ ಏನನ್ನೂ ಹಿಡಿದು ಬೀದಿಗೆ ಬರುವ ಹಾಗಿಲ್ಲ. ಸಾಮಾನ್ಯ ದಿನದಲ್ಲೂ ಪೊಲೀಸರು ಕೇಳುವುದು ಒಂದೇ: ಇದು ನಿನ್ನ ಹತ್ತಿರ ಯಾಕಿದೆ? ತೋಟದಲ್ಲಿ ಆ ಪ್ರಶ್ನೆಗೆ ಉತ್ತರ ಕಣ್ಣ ಮುಂದೆಯೇ ಇರುತ್ತದೆ. ರಾತ್ರಿ ಎಂಟಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಟಕ್ ಅಂತ ತೆರೆಯುವ ಚಾಕು ಸಿಕ್ಕರೆ ಕೆಲಸದ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಕೊನೆಗೆ ಕೇಸ್ ನಿಲ್ಲದೇ ಹೋಗಬಹುದು. ಆದರೆ ಅಲ್ಲಿಯವರೆಗೆ ಕೋರ್ಟಿಗೆ ಅಲೆಯುವವರು ಯಾರು? ಈ ವಯಸ್ಸಿನಲ್ಲಿ ಅವರಿಗೆ ಅದು ಬೇಡ.

ದಾವಣಗೆರೆ ಹುಡುಗಿ, ಈಗ ಅಮೆರಿಕದಲ್ಲಿ

ಅಣ್ಣಾ, ನಿಮ್ಮ ಪ್ರಶ್ನೆ ಓದಿ ಇಲ್ಲಿನ ಕಾನೂನು ನೆನಪಾಯಿತು. 1958ರಲ್ಲಿ ಇಲ್ಲಿ ಬಟನ್ ಚಾಕುಗಳ ಮೇಲೆ ಕೇಂದ್ರ ಕಾಯ್ದೆ ತಂದು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿ ಮಾರುವುದನ್ನು ತಡೆದರು. ಅದರಲ್ಲಿ ಒಂದು ವಿನಾಯಿತಿ ಇದೆ: ಒಂದೇ ತೋಳು ಇರುವವರು ಮೂರು ಇಂಚು ಮೀರದ ಬಟನ್ ಚಾಕು ಜೊತೆಯಲ್ಲಿ ಇಟ್ಟುಕೊಳ್ಳಬಹುದು. ನಿಮ್ಮಪ್ಪನಂಥವರನ್ನು ನೆನೆದು ಬರೆದ ಸಾಲು ಅದು. ನಮ್ಮಲ್ಲೂ ಇಂಥದ್ದೊಂದು ಸಾಲು ಸ್ಪಷ್ಟವಾಗಿ ಇರಬೇಕಿತ್ತು ಅಂತ ನನಗೆ ನಿಜಕ್ಕೂ ಅನಿಸುತ್ತದೆ.

ಹಾರ್ಡ್‌ವೇರ್ ಅಂಗಡಿ, ದಾವಣಗೆರೆ

ಕಾನೂನು ವಕೀಲರು ಹೇಳಿದ್ದಾರೆ. ನಾನು ಕೆಲಸದ ಮಾತು ಹೇಳುತ್ತೇನೆ. ತೋಟಕ್ಕೆ ಬಟನ್ ಚಾಕು ಆಗಿಬರುವುದಿಲ್ಲ. ಕೆಂಪು ಮಣ್ಣಿನ ಧೂಳು, ದಾಳಿಂಬೆ ರಸ ಒಳಗೆ ಹೋದರೆ ಸ್ಪ್ರಿಂಗ್ ಅರ್ಧಕ್ಕೆ ನಿಲ್ಲುತ್ತದೆ. ಅಲಗು ಸರಿಯಾಗಿ ಕಚ್ಚಿಕೊಳ್ಳದೆ ಬೆರಳ ಮೇಲೆ ಮಡಚಿದರೆ? ಅವರಿಗಿರುವುದು ಒಂದೇ ಕೈ.

ಮಡಚುವ ಚಾಕುವೇ ಬೇಡ. ನಾಲ್ಕು ಇಂಚಿನ ನೆಟ್ಟಗಿನ ಚಾಕು, ದಪ್ಪ ಮರದ ಹಿಡಿ. ಕುಲುಮೆಯಲ್ಲಿ ಹೇಳಿದರೆ ಲಾರಿ ಪಟ್ಟದಲ್ಲಿ ಮಾಡಿಕೊಡುತ್ತಾರೆ. ಒರೆ ಮಾತ್ರ ನೀವೇ ಮಾಡಿ. ಪಿವಿಸಿ ಪೈಪಿನ ತುಂಡನ್ನು ಬಿಸಿ ಮಾಡಿ, ಎರಡು ಹಲಗೆ ನಡುವೆ ಒತ್ತಿ, ಚಪ್ಪಟೆ ಆದ ಮೇಲೆ ತುದಿಗೆ ತೂತು ಹಾಕಿ. ಮೇಲೆ ಬೆಲ್ಟಿಗೆ, ಕೆಳಗೆ ಆ ತೂತಿನಿಂದ ತೊಡೆಗೆ ದಾರ ಕಟ್ಟಬೇಕು. ಇದನ್ನು ಮರೆಯಬೇಡಿ. ಎರಡು ಕೈ ಇದ್ದವರು ಒರೆ ಹಿಡಿದು ಚಾಕು ಎಳೆಯುತ್ತಾರೆ. ಒಂದೇ ಕೈಯಲ್ಲಿ ಎಳೆದರೆ ಚಾಕು ಜೊತೆ ಒರೆಯೂ ಮೇಲೆ ಬರುತ್ತದೆ.

ತೋಟದ ಹುಡುಗ, ಹಿರಿಯೂರು

ಮೂರು ವಾರ ಆಯಿತು. ಎಲ್ಲರಿಗೂ ಧನ್ಯವಾದ. ಬಟನ್ ಚಾಕು ತರಿಸಲಿಲ್ಲ. ಕುಲುಮೆಯಲ್ಲಿ ಮಾಡಿಸಿದೆ. ಒರೆ ಮೊದಲನೆಯದು ಸುಟ್ಟುಹೋಯಿತು, ಎರಡನೆಯದು ಸರಿಬಂತು. ತೊಡೆಯ ದಾರ ನೋಡಿ ಅಪ್ಪ "ಇದ್ಯಾಕೋ ಸುಮ್ನೆ" ಅಂದರು. ಒಂದು ಸಲ ಬಿಚ್ಚಿ ಎಳೆದು ನೋಡಿದರು, ಆಮೇಲೆ ತಾವೇ ವಾಪಸ್ ಕಟ್ಟಿಕೊಂಡರು.

ಪಂಪ್ ಮನೆಯಲ್ಲಿ ಒಂದು ಮೊಳೆ ಹೊಡೆದಿದ್ದೇನೆ. ಚಿತ್ರದುರ್ಗಕ್ಕೆ ಹೊರಟರೆ ಬೆಲ್ಟು, ಒರೆ ಎಲ್ಲ ಅಲ್ಲೇ ನೇತುಹಾಕಿ ಬಸ್ಸಿಗೆ ಹೋಗುತ್ತಾರೆ. ತುಟಿಯ ಹೊಲಿಗೆ ತೆಗೆಸಿ ಆಯಿತು.