ಕ್ಲೋನಜೆಪಾಮ್ ಇಳಿಸುವಾಗ ಸೌನಾ: ಕೂರಬಹುದಾ, ಬಿಡಬೇಕಾ?

ಎಸ್ಪೂವಾಸಿ (ಪ್ರಶ್ನೆ)
ಇರುವುದು ಫಿನ್ಲೆಂಡಿನ ಎಸ್ಪೂ. ರಾತ್ರಿ ನಿದ್ದೆಗೆಂದು ತೆಗೆದುಕೊಳ್ಳುವ ಕ್ಲೋನಜೆಪಾಮ್, ಇಲ್ಲಿನ ಹೆಸರಲ್ಲಿ ರಿವಟ್ರಿಲ್, 1 ಮಿ.ಗ್ರಾಂ ಇದ್ದದ್ದು ಡಾಕ್ಟರ ಸಲಹೆಯಂತೆ 0.75ಕ್ಕೆ ಇಳಿದಿದೆ. ಬೆಳಿಗ್ಗೆ ಖಿನ್ನತೆ-ಆತಂಕದ ಮಾತ್ರೆ ಎಸಿಟಾಲೊಪ್ರಾಮ್ 10 ಮಿ.ಗ್ರಾಂ. ಅಪಾರ್ಟ್‌ಮೆಂಟಿನ ಸೌನಾದಲ್ಲಿ (ಒಲೆಯ ಕಲ್ಲು ಕಾಯಿಸಿ ಬೆವರಲು ಕೂರುವ ಬಿಸಿಕೋಣೆ) ಶುಕ್ರವಾರ ಸಂಜೆ 7ರಿಂದ 8 ನಮ್ಮ ಪಾಳಿ. ಕೂತ ಐದೇ ನಿಮಿಷಕ್ಕೆ ಎದೆ ಢವಢವ, ಕೈ ನಡುಕ. ಇದು ಬಿಸಿಯ ಕೆಲಸವೋ, ಮಾತ್ರೆ ಇಳಿಸಿದ್ದರ ಕೆಲಸವೋ? ಸೌನಾ ಬಿಡಬೇಕೆ?

ತಾಂಪೆರೆ ಕನ್ನಡಿಗ
ಎರಡೂ. ಆರೋಗ್ಯವಾಗಿರುವವರಿಗೇ 80–90 ಡಿಗ್ರಿಯಲ್ಲಿ ನಾಡಿ 100 ದಾಟಿ ಕೆಲವೊಮ್ಮೆ 150ರ ತನಕ ಹೋಗುತ್ತೆ. ಬೆಂಜೊ (ಕ್ಲೋನಜೆಪಾಮ್ ಗುಂಪಿನ ಮಾತ್ರೆ) ಇಳಿಸುತ್ತಿರುವ ಮೆದುಳಲ್ಲಿ ಗಾಬಾದ, ಅಂದರೆ ಮೆದುಳನ್ನು ಶಾಂತವಾಗಿಡುವ ರಾಸಾಯನಿಕದ, ಬ್ರೇಕು ಸವೆದಿರುತ್ತೆ, ಅದೇ ಬಡಿತವನ್ನು ಅದು ಗಾಬರಿ ಅಂತ ಓದಿಕೊಳ್ಳುತ್ತೆ.

ಡಾಕ್ಟರು ಬೇಡ ಅನ್ನದಿದ್ದರೆ ಸೌನಾ ಬಿಡಬೇಕಿಲ್ಲ, ಮೇಲಿನ ಹಲಗೆ ಬಿಡಿ. ಗೋಡೆಯ ಥರ್ಮಾಮೀಟರು ತೋರಿಸುವ 80 ತಲೆಯ ಎತ್ತರದ್ದು, ಕೆಳಗೆ ಬಂದಷ್ಟೂ ಕಡಿಮೆ. ಕೆಳಹಲಗೆಯಲ್ಲಿ 5 ನಿಮಿಷ, ಹೊರಗೆ 10 ನಿಮಿಷ, ಮತ್ತೆ 5. ಅಲ್ಲಿಗೆ ಮುಗಿಯಿತು. ಕಲ್ಲಿನ ಮೇಲೆ ನೀರು ಹಾಕಲೇಬೇಕೆನಿಸಿದರೆ ಅರ್ಧ ಸೌಟು, ಅದೂ ಅಂಚಿನ ಕಲ್ಲಿಗೆ. ನಡುವಿನ ಕಲ್ಲಿಗೆ ಸುರಿದರೆ ಆವಿ ಒಂದೇ ಅಲೆಯಾಗಿ ಮುಖಕ್ಕೆ ಬಡಿಯುತ್ತೆ, ನಾಡಿ ನೆಗೆಯುವುದು ಆಗಲೇ. ಏಳುವ ಮುಂಚೆ ಒಂದು ನಿಮಿಷ ಪಾದ ಆಡಿಸಿ, ಗೋಡೆ ಹಿಡಿದು ಏಳಿ. ಬಿಸಿಗೆ ಚರ್ಮದ ನಾಳಗಳೆಲ್ಲ ಬಿಚ್ಚಿಕೊಂಡು ಬಿಪಿ ಇಳಿದಿರುತ್ತೆ, ತಲೆಸುತ್ತಿ ಬೀಳುವ ದಿಕ್ಕಿನಲ್ಲೇ ಒಲೆ ಇರುತ್ತೆ. ಬಿಯರ್ ಬೇಡ, ಒಬ್ಬರೇ ಬೇಡ. ಹೊರಗೆ ಬಂದು ಹೆಪ್ಪುಗಟ್ಟಿದ ಕೆರೆಯಲ್ಲಿ ಕೊರೆದ ಮಂಜಿನ ತೂತಿಗೆ ಇಳಿಯುವುದು ಈ ವರ್ಷಕ್ಕೆ ಬೇಡವೇ ಬೇಡ, ತಣ್ಣೀರಿನ ಆಘಾತ ಇನ್ನೊಂದು ಸುತ್ತು ಅಡ್ರಿನಲಿನ್. ಹಿಂದೆ ಫಿಟ್ಸ್ ಬಂದಿದ್ದವರು, ಹೃದಯದ ತೊಂದರೆ ಇರುವವರು ಇದನ್ನೋದಿ ಒಳಗೆ ಹೋಗಬೇಡಿ.

ಶುದ್ಧಿಮಾರ್ಗ
ಯಾಕಿಷ್ಟು ಹೆದರಿಸುತ್ತೀರಿ? ಬೆಂಜೊ ಕೊಬ್ಬಿನಲ್ಲಿ ಅಡಗಿ ಕೂರುತ್ತದೆ, ಬೆವರಿನಲ್ಲೇ ಅದನ್ನು ಹೊರಗೆ ತಳ್ಳಬೇಕು. ವಾರಕ್ಕೊಂದು ದಿನ 5 ನಿಮಿಷ ಕೂತು ಏನು ಬಂತು? ದಿನಾ 40 ನಿಮಿಷ ಕೂರಿ, ಮಾತ್ರೆಯನ್ನು ಬೇಗಬೇಗ ಇಳಿಸಬಹುದು.

ತೂಕದಕಲ್ಲು
ದಯವಿಟ್ಟು ಯಾರೂ ಇದನ್ನು ನಂಬಬೇಡಿ. ಈ ಮಾತು ಕೇಳಿ ದಿಢೀರನೆ ಮಾತ್ರೆ ನಿಲ್ಲಿಸಿದವರಿಗೆ ಫಿಟ್ಸ್ ಬರಬಹುದು, ಜೀವ ಹೋಗಬಹುದು. ಕ್ಲೋನಜೆಪಾಮನ್ನು ಒಡೆಯುವುದು ಲಿವರ್, ಹೊರಹಾಕುವುದು ಬಹುಪಾಲು ಮೂತ್ರ. ರಕ್ತದಲ್ಲಿರುವುದರ ನೂರಕ್ಕೆ ಸುಮಾರು 85 ಭಾಗ ಪ್ರೋಟೀನಿಗೆ ಅಂಟಿಕೊಂಡಿರುತ್ತೆ, ಅದೇ ಗುಂಪಿನ ಡಯಾಜೆಪಾಮ್ ಆದರೆ 98. ಬೆವರಿಗೆ ಸಿಗುವುದು ಲೆಕ್ಕಕ್ಕಿಲ್ಲದಷ್ಟು. ಇನ್ನೊಂದು ಮಾತು: ಇಳಿಸುವಾಗಿನ ತೊಂದರೆಗೆ ಕಾರಣ ಔಷಧಿ ಉಳಿದಿರುವುದಲ್ಲ, ಔಷಧಿ ಕಡಿಮೆಯಾಗಿರುವುದು. ಬೆವರಲ್ಲಿ ಬೇಗ ಹೋಗುವಂತಿದ್ದರೆ ಅದು ಇನ್ನೂ ಅಪಾಯ ಆಗುತ್ತಿತ್ತು!

ಎಸ್ಪೂವಾಸಿಯವರೇ, ಸೌನಾಗಿಂತ ನಿಮ್ಮ ಕಡಿತವೇ ದೊಡ್ಡದಾಯಿತು. 1ರಿಂದ 0.75 ಒಂದೇ ಏಟಿಗೆ ಅಂದರೆ ನೂರಕ್ಕೆ 25. 2025ರಲ್ಲಿ ಅಮೆರಿಕದ ವೈದ್ಯ ಸಂಘಗಳು ಸೇರಿ ಕೊಟ್ಟ ಮಾರ್ಗಸೂಚಿ 2–4 ವಾರಕ್ಕೊಮ್ಮೆ ನೂರಕ್ಕೆ 5ರಿಂದ 10 ಅನ್ನುತ್ತೆ, ಎರಡು ವಾರಕ್ಕೆ 25ನ್ನು ಮೀರಬಾರದು ಅನ್ನುತ್ತೆ. ನೀವು ಆ ಗಡಿಯ ಮೇಲೆ ನಿಂತಿದ್ದೀರಿ. ಮುಂದಿನ ಹೆಜ್ಜೆಗೆ 0.5ರ ಮಾತ್ರೆಯನ್ನು ನಾಲ್ಕು ಚೂರು ಮಾಡಿದರೆ ಒಂದು ಚೂರು 0.125, ಅಂದರೆ 0.75ರ ಮೇಲೆ ನೂರಕ್ಕೆ ಹತ್ತಿರಹತ್ತಿರ 17. ಕೈಯಲ್ಲಿ ಮುರಿದ ಚೂರುಗಳು ಸಮ ಬರುವುದೂ ಇಲ್ಲ. ಮಿಲಿಗ್ರಾಂ ತಕ್ಕಡಿ, 0.001 ಗ್ರಾಂ ತೋರಿಸುವಂಥದ್ದು, ತರಿಸಿ. ಹತ್ತು ಮಾತ್ರೆ ಒಟ್ಟಿಗೆ ತೂಗಿ ಸರಾಸರಿ ತೆಗೆಯಿರಿ. 0.5ರ ಒಂದು ಮಾತ್ರೆ 170 ಮಿ.ಗ್ರಾಂ ತೂಗಿದರೆ ಅದರ 17 ಮಿ.ಗ್ರಾಂ ಪುಡಿಯಲ್ಲಿ ಔಷಧಿ 0.05. ಫ್ಯಾನಿನ ಕೆಳಗೆ ತೂಗಬೇಡಿ, ಅಂಕಿ ನಿಲ್ಲುವುದಿಲ್ಲ. ಬಾಯಲ್ಲಿ ಕರಗುವ ಮಾತ್ರೆ ಕೆರೆದರೆ ಪುಡಿಪುಡಿಯಾಗುತ್ತೆ, ಸಾದಾ ಮಾತ್ರೆಯೇ ಬೇಕು. ನೀರಿನಲ್ಲಿ ಕಲಸಿ ಅಳೆಯೋಣವೆಂದರೆ ಕ್ಲೋನಜೆಪಾಮ್ ನೀರಿಗೆ ಕರಗುವುದಿಲ್ಲ, ತಳಕ್ಕೆ ಇಳಿಯುತ್ತೆ. ಈ ಲೆಕ್ಕವನ್ನು ಡಾಕ್ಟರಿಗೆ ತೋರಿಸಿಯೇ ಶುರುಮಾಡಿ.

ಧಾರವಾಡ ಪೇಢೆ
ಎಲ್ಲಾರೂ ಕ್ಲೋನಜೆಪಾಮ್ ಲೆಕ್ಕಾನ ಹೇಳಾಕತ್ತೀರಿ. ಅದ ಗುಂಪಿನ ಆಲ್ಪ್ರಜೋಲಾಮ್ ತಗೊಳ್ಳೋರ ಪಾಡು ಬ್ಯಾರೆ ಐತ್ರಿ. ಅದರ ಅರ್ಧಾಯುಷ್ಯ ಸುಮಾರು 11 ತಾಸು. ಮುಂಜಾನೆ 8ಕ್ಕ ತಗೊಂಡ್ರ ಸಂಜಿ 7ಕ್ಕ ರಕ್ತದಾಗ ಅರ್ಧಾ ಅಷ್ಟ ಉಳಿದಿರತೈತಿ. ಆ ಇಳಿಹೊತ್ತಿನಾಗ ಬಿಸಿಗೆ ಕುಂತ್ರ ನಡುಕ ಇಮ್ಮಡಿ. ಗುಳಿಗಿ ನುಂಗಿ ಒಂದೆರಡು ತಾಸಿನಾಗೂ ಬ್ಯಾಡ್ರಿ, ಆವಾಗ ಅದು ಏರಿ ಕುಂತಿರತೈತಿ, ಮಂಪರು ಹತ್ತಿ ಅಲ್ಲೇ ನಿದ್ದಿ ಬರತೈತಿ. ನಡುವಿನ ಮೂರು-ನಾಲ್ಕು ತಾಸಿನ ಹೊತ್ತು ಹಿಡೀರಿ. ನಾಡಿ ಇಳಿಸೋ ಪ್ರೊಪ್ರನೊಲಾಲ್ ಗುಳಿಗಿ ಜೋಡಿ ಇದ್ರ ನಾಡಿ ಅಷ್ಟು ಏರಂಗಿಲ್ಲ, ಆದ್ರ ಬಿಪಿ ಇಳೀತೈತಿ. ನಾಡಿ ಕಡಿಮಿ ಐತಿ ಅಂತ ಧೈರ್ಯಾ ಮಾಡಿ ಜಾಸ್ತಿ ಹೊತ್ತು ಕುಂದರಬ್ಯಾಡ್ರಿ.

ಇದಕ್ಕೆಲ್ಲಾ ಮದ್ದು ಮೈಯಾಗ ನಿಧಾನ ಇಳಿಯೋ ಡಯಾಜೆಪಾಮ್‌ಗೆ ಬದಲಾಗೋದು. ನ್ಯೂಕ್ಯಾಸಲ್‌ನಾಗ ಇಂಗ್ಲೆಂಡಿನ ಡಾಕ್ಟರ್ ಹೆದರ್ ಆಶ್ಟನ್ 1982ರಿಂದ 1994ರ ತನಕ ಇದಕ್ಕಂತನ ಕ್ಲಿನಿಕ್ ನಡಿಸಿದ್ರು, ಅವರ ಲೆಕ್ಕದಾಗ ಆಲ್ಪ್ರಜೋಲಾಮ್ 0.5ಕ್ಕ ಡಯಾಜೆಪಾಮ್ 10. ನಿಮ್ಮಲ್ಲಿ ಡಯಾಪಾಮ್ ಅಂತ ಸಿಗತೈತಿ, 2 ಮಿ.ಗ್ರಾಂ ಗುಳಿಗಿ, ತಕ್ಕಡಿ ಗಿಕ್ಕಡಿ ಏನೂ ಬ್ಯಾಡ. ಡಾಕ್ಟರನ್ನ ಕೇಳಿ ಒಂದೊಂದ ಹೊತ್ತಿನ ಡೋಸ್ ಬದಲು ಮಾಡ್ಕೋತ ಹೋಗ್ರಿ.

ತೂಕದಕಲ್ಲು
ಪೇಢೆಯವರೇ, ಅವರು ಕೇಳಿದ್ದು ಆಲ್ಪ್ರಜೋಲಾಮ್ ಅಲ್ಲ. ಕ್ಲೋನಜೆಪಾಮ್ ಅರ್ಧಾಯುಷ್ಯವೇ 30–40 ಗಂಟೆ, ಅದೇ ನಿಧಾನದ್ದು. ಆ ಸಮಾನತೆಯ ಪಟ್ಟಿಗಳೂ ಒಂದಕ್ಕೊಂದು ಕೂಡುವುದಿಲ್ಲ: ಕ್ಲೋನಜೆಪಾಮ್ 0.5ಕ್ಕೆ ಡಯಾಜೆಪಾಮ್ ಒಂದು ಪಟ್ಟಿ 10 ಅಂದರೆ ಇನ್ನೊಂದು 5 ಅನ್ನುತ್ತೆ. ದುಪ್ಪಟ್ಟು ವ್ಯತ್ಯಾಸ ಇಟ್ಟುಕೊಂಡು ಎಲ್ಲರಿಗೂ ಬದಲಿಸಿ ಅನ್ನಬೇಡಿ.

ಧಾರವಾಡ ಪೇಢೆ
ತಕ್ಕಡಿ ಹಿಡಿದು ದಿನಾ ಪುಡಿ ಕೆರಿಯೋರ ಕೈ ನಡುಗತೈತಿ ಅನ್ನೋದಾದ್ರೂ ಗೊತ್ತೈತೇನ್ರಿ ನಿಮಗ? 17 ಮಿ.ಗ್ರಾಂ ಕೆರಿಯಾಕ ಹೋಗಿ 30 ಉದುರಿಸ್ತಾರ. ಪುಸ್ತಕದ ಲೆಕ್ಕ ಬ್ಯಾರೆ, ಕೈಯಾಗಿನ ಲೆಕ್ಕ ಬ್ಯಾರೆ.

ಮಜ್ಜಿಗೆ ತಂಬಿಗೆ
ಜಗಳ ಆಮೇಲೆ. ಎಸಿಟಾಲೊಪ್ರಾಮ್ ಅಂದಿದ್ದನ್ನು ಯಾರೂ ನೋಡಲಿಲ್ಲವಲ್ಲ! ಆ ಗುಂಪಿನ ಮಾತ್ರೆ ಕೆಲವರಲ್ಲಿ ರಕ್ತದ ಸೋಡಿಯಂ ಇಳಿಸುತ್ತೆ, ಬೆವರನ್ನೂ ಹೆಚ್ಚಿಸುತ್ತೆ. ಸೌನಾದ ಒಂದು ಸಂಜೆಗೆ ಸುಮಾರು ಅರ್ಧ ಲೀಟರ್ ಬೆವರು, ಜೊತೆಗೆ ಉಪ್ಪು. ಅದರ ಮೇಲೆ ಎರಡು ಲೀಟರ್ ಬರೀ ನೀರು ಕುಡಿದರೆ ಸೋಡಿಯಂ ಇನ್ನೂ ತೆಳುವಾಗುತ್ತೆ. ತಲೆನೋವು, ವಾಕರಿಕೆ, ಮಂಕು: ನೋಡಿದರೆ ಮಾತ್ರೆ ಇಳಿಸಿದ್ದರ ಲಕ್ಷಣದ ಹಾಗೇ ಇರುತ್ತೆ. ಹೆಚ್ಚಾದರೆ ಅದರಿಂದಲೂ ಫಿಟ್ಸ್ ಬರುತ್ತೆ. ಒಳಗೆ ಹೋಗುವ ಮುಂಚೆ, ಬಂದ ಮೇಲೆ ಒಣ ಮೈಯಲ್ಲಿ ತೂಕ ನೋಡಿ. 400 ಗ್ರಾಂ ಇಳಿದಿದ್ದರೆ 400 ಮಿ.ಲೀ ಕುಡಿಯಿರಿ, ಅಷ್ಟೇ. ಉಪ್ಪು ಹಾಕಿದ ನೀರು ಮಜ್ಜಿಗೆ ಸಾಕು. ಓಆರ್‌ಎಸ್ ಆದರೆ 1 ಲೀಟರಿನ ಪೊಟ್ಟಣವನ್ನು ಪೂರ್ತಿ 1 ಲೀಟರಿಗೇ ಕಲಸಬೇಕು, ಅರ್ಧ ಪೊಟ್ಟಣ ಅಂದಾಜಿಗೆ ಸುರಿಯಬಾರದು. ಸೋಡಿಯಂ ಪರೀಕ್ಷೆ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ.

ಮಲ್ನಾಡ್ ಹಂಡೆ
ಊರಲ್ಲಿ ಆಯುರ್ವೇದದವರು ಹಬೆಯಲ್ಲಿ ಬೆವರಿಸುವ ಸ್ವೇದನದ ಪೆಟ್ಟಿಗೆ 45 ಡಿಗ್ರಿ ಅಷ್ಟೇ. ನಿಮ್ಮ 80ಕ್ಕಿಂತ ಎಷ್ಟೋ ಸೌಮ್ಯ, ಅದನ್ನೇ ಮಾಡಬಹುದು. ಆಮೇಲೆ ಒಂದು ಲೋಟ ಬಿಸಿ ಕಾಫಿ.

ತಾಂಪೆರೆ ಕನ್ನಡಿಗ
ಅಂಕಿ ನೋಡಿ ಮೋಸ ಹೋಗಬೇಡಿ. ಸೌನಾದ ಗಾಳಿ ಒಣ, ಬೆವರು ಆರುತ್ತೆ, ಮೈ ತಣಿಯುತ್ತೆ. ಪೆಟ್ಟಿಗೆಯ ಹಬೆಯಲ್ಲಿ ಬೆವರು ಹರಿಯುತ್ತೆ ಹೊರತು ಆರುವುದಿಲ್ಲ, ಮೈಯ ಬಿಸಿ ಒಳಗೇ ಕೂಡುತ್ತೆ. ಇನ್ನು ಸಂಜೆ 7ರ ಕಾಫಿಯಲ್ಲಿ ಅರ್ಧ ಕೆಫೀನ್ ರಾತ್ರಿ 12ಕ್ಕೂ ಮೈಯಲ್ಲೇ ಇರುತ್ತೆ. ನಿದ್ದೆಗೆಂದೇ ತೆಗೆದುಕೊಂಡ ಮಾತ್ರೆಯನ್ನು ಇಳಿಸುವವರಿಗೆ ಆ ಸಲಹೆ ಕೊಡುತ್ತೀರಾ?

ಮಲ್ನಾಡ್ ಹಂಡೆ
ಕಾಫಿಗೂ ಕಲ್ಲು ಹಾಕಿ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಅದರದ್ದೇ ತಲೆನೋವು ಶುರುವಾಗುತ್ತದೆ, ಅದನ್ನೂ ಹೇಳಿ.

ತಾಂಪೆರೆ ಕನ್ನಡಿಗ
ಬಿಡಿ ಅಂದಿಲ್ಲ. ಮಧ್ಯಾಹ್ನದ ಒಳಗೆ ಮುಗಿಸಿ, ಅಷ್ಟೇ.

ಎಸ್ಪೂವಾಸಿ
ಸೋಡಿಯಂ ವಿಷಯ ಯಾರೂ ಹೇಳಿರಲಿಲ್ಲ, ಮಂಗಳವಾರ ಕೇಳುತ್ತೇವೆ. ಎರಡು ಸಂಶಯ. ಡೋಸ್ ಇಳಿಸಿದ ವಾರವೇ ಹೋಗಬಹುದಾ? ಒಲೆಯ ಶಾಖ ಅಪಾರ್ಟ್‌ಮೆಂಟಿನವರೇ ನಿಗದಿ ಮಾಡಿದ್ದು, ನಮ್ಮ ಕೈಲಿಲ್ಲ. ಕಡಿಮೆ ಮಾಡುವುದು ಹೇಗೆ?

ತೂಕದಕಲ್ಲು
ಇಳಿಸಿದ ವಾರ ಬೇಡ. ಐದು ಅರ್ಧಾಯುಷ್ಯ ಕಳೆದರೆ ಹೊಸ ಮಟ್ಟ ನಿಲ್ಲುತ್ತೆ, ಕ್ಲೋನಜೆಪಾಮ್‌ಗೆ ಅದು 6–8 ದಿನ. ಸೋಮವಾರ ಇಳಿಸಿದರೆ ಆ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ. ಇಲ್ಲದಿದ್ದರೆ ನಡುಕ ಯಾವುದರದ್ದೆಂದು ಯಾರಿಗೂ ಹೇಳಲಾಗದು. ಕೈಕಾಲು ತಾನಾಗಿ ಸೆಟೆದರೆ, ಪ್ರಜ್ಞೆ ತಪ್ಪಿದರೆ, ಇಲ್ಲದ್ದು ಕಂಡರೆ 112.

ತಾಂಪೆರೆ ಕನ್ನಡಿಗ
ಬಾಗಿಲು ನಾಲ್ಕು ನಿಮಿಷ ಪೂರ್ತಿ ತೆರೆದಿಡಿ, ಮೇಲಿನ ಬಿಸಿಗಾಳಿ ಹೋಗುತ್ತೆ. ಕಲ್ಲು ಮಾತ್ರ ಬಿಸಿಯಾಗೇ ಇರುತ್ತೆ, ಅದಕ್ಕೆ ಆ ಹೊತ್ತಿನಲ್ಲಿ ನೀರು ಹಾಕಬೇಡಿ. ಇಲ್ಲವೇ ನಿಮ್ಮ ನಂತರ ಯಾರ ಪಾಳಿಯೂ ಇಲ್ಲದಿದ್ದರೆ ಕೊನೆಯ ಕಾಲು ಗಂಟೆಗೆ ಹೋಗಿ. 8ಕ್ಕೆ ಒಲೆ ಆರಿದ ಮೇಲೆ ಬಾಗಿಲು ಓರೆ ಮಾಡಿ ಕೆಳಹಲಗೆಯಲ್ಲಿ ಕೂತರೆ ಕಲ್ಲಿನಲ್ಲಿ ಉಳಿದ ಬಿಸಿಯೇ ಸಾಕಾಗುತ್ತೆ.