ಹಿತ್ತಿಲ ಹಿಂದೆ ಕಯೋಟಿ: ವಯಸ್ಸಾದವರು, ಮಗು, ನಾಯಿ ಇರುವ ಮನೆಯವರು ಏನು ಮಾಡಬೇಕು?

ಪ್ರಶ್ನೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ನಾವು ಫ್ರೀಮಾಂಟಿನ ಗುಡ್ಡದ ಬದಿಯ ಬಡಾವಣೆಯೊಂದರಲ್ಲಿದ್ದೇವೆ. ನಮ್ಮ ಹಿತ್ತಿಲ ಬೇಲಿಯ ಆಚೆ ಮಳೆನೀರು ಹರಿಯುವ ಒಂದು ಹಳ್ಳವಿದೆ. ಏಪ್ರಿಲ್ ತಿಂಗಳಿನಿಂದ ಅದರ ಅಂಚಿನಲ್ಲಿ ಒಂದು ಕಯೋಟಿ (ತೋಳಕ್ಕಿಂತ ಚಿಕ್ಕದಾದ, ನಾಯಿ ಕುಲದ ಕಾಡುಪ್ರಾಣಿ) ಹಾಡಹಗಲಲ್ಲೇ ಓಡಾಡುವುದನ್ನು ನೋಡುತ್ತಿದ್ದೇವೆ. ಈ ಊರಿನಲ್ಲಿ ಕಯೋಟಿ ಹೊಸದೇನಲ್ಲ, ಇಲ್ಲಿನ ಒಂದು ಉದ್ಯಾನಕ್ಕೆ ಕಯೋಟಿ ಹಿಲ್ಸ್ ಎಂದೇ ಹೆಸರಿದೆ. ಆದರೆ ಇಷ್ಟು ಹತ್ತಿರ ಬಂದದ್ದು ನಮಗೆ ಇದೇ ಮೊದಲು.

ಮನೆಯಲ್ಲಿ ನಾಲ್ಕು ವರ್ಷದ ಮಗಳು, ಹತ್ತು ಪೌಂಡ್ ತೂಕದ ಒಂದು ನಾಯಿ, ಮತ್ತು ಮೈಸೂರಿನಿಂದ ಬಂದಿರುವ ಅಪ್ಪ-ಅಮ್ಮ ಇದ್ದಾರೆ. ಅಮ್ಮ ಊರಿನಲ್ಲಿ ಮಾಡುತ್ತಿದ್ದಂತೆಯೇ ಇಲ್ಲಿಯೂ ಮಧ್ಯಾಹ್ನ ಊಟಕ್ಕೆ ಕೂರುವ ಮೊದಲು ಒಂದು ಹಿಡಿ ಅನ್ನಕ್ಕೆ ತುಪ್ಪ ಹಾಕಿ, ಕಾಗೆಗಳಿಗೆಂದು ಹಿತ್ತಿಲ ಕಲ್ಲಿನ ಮೇಲೆ ಇಡುತ್ತಾರೆ. ಕಳೆದ ವಾರ ಅಪ್ಪ ನಾಯಿಯೊಂದಿಗೆ ಹಳ್ಳದ ಪಕ್ಕದ ದಾರಿಯಲ್ಲಿ ಹೋಗುತ್ತಿದ್ದಾಗ, ಕಯೋಟಿಯು ಸುಮಾರು ಮೂವತ್ತು ಅಡಿ ಅಂತರದಲ್ಲಿ ರಸ್ತೆಯ ತಿರುವಿನವರೆಗೂ ಅವರನ್ನು ಹಿಂಬಾಲಿಸಿತು. ಅವರು ನಿಂತರೆ ಅದೂ ನಿಲ್ಲುತ್ತಿತ್ತು, ನಡೆದರೆ ನಡೆಯುತ್ತಿತ್ತು. ತಿರುವು ದಾಟಿದ ಮೇಲೆ ಅದು ಹಿಂದಿರುಗಿತು.

ಬಡಾವಣೆಯ ಸಂಘದ ಸಭೆಯಲ್ಲಿ ಕೆಲವರು ಅದನ್ನು ಬೋನಿಟ್ಟು ಹಿಡಿದು ದೂರದ ಗುಡ್ಡಗಳಲ್ಲಿ ಬಿಡಿಸಬೇಕು ಎಂದರು, ಇನ್ನು ಕೆಲವರು ಕೊಲ್ಲಿಸಲೇಬೇಕು ಎಂದರು. ನಮ್ಮ ಬೀದಿಯ ಒಬ್ಬರು ಮಾತ್ರ ಪಾಪ ಹಸಿದಿರಬೇಕೆಂದು ರಾತ್ರಿ ಹೊರಗೆ ನಾಯಿಯ ಆಹಾರ ಇಡುತ್ತಾರೆ. ಹಗಲಲ್ಲಿ ಕಾಣಿಸುವುದು ರೇಬೀಸಿನ ಲಕ್ಷಣವೇ? ಅಪ್ಪನನ್ನು ಅದು ಹಿಂಬಾಲಿಸಿದ್ದೇಕೆ? ಹಿಡಿದು ಬೇರೆಡೆ ಬಿಡಲು ಸಾಧ್ಯವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1 (ಷಿಕಾಗೋ ಹೊರವಲಯ, ಇಲಿನಾಯ್)

ನಮಸ್ಕಾರ. ನಿಮ್ಮ ಪ್ರಶ್ನೆಯಲ್ಲಿರುವ ತಿಂಗಳನ್ನು ಗಮನಿಸಿದರೆ ಬಹುಪಾಲು ಉತ್ತರ ಅಲ್ಲಿಯೇ ಸಿಗುತ್ತದೆ. ಕಯೋಟಿಗಳು ಜನವರಿಯಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ಕೂಡುತ್ತವೆ, ಗರ್ಭದ ಅವಧಿ ಸುಮಾರು 63 ದಿನ, ಮರಿಗಳು ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿ ಹುಟ್ಟುತ್ತವೆ. ಆಗ ಗಂಡು ಹೆಣ್ಣು ಎರಡೂ ಮರಿಗಳಿಗೆ ಆಹಾರ ಹೊಂದಿಸಲು ಹಗಲು ರಾತ್ರಿಯೆನ್ನದೆ ಓಡಾಡಬೇಕಾಗುತ್ತದೆ. ಆದ್ದರಿಂದ ಹಗಲಿನಲ್ಲಿ ಕಾಣಿಸಿದ ಮಾತ್ರಕ್ಕೆ ಅದಕ್ಕೆ ರೇಬೀಸ್ ಇದೆ ಎಂದು ತೀರ್ಮಾನಿಸುವಂತಿಲ್ಲ. ತೂರಾಡುವುದು, ಬಾಯಿಯಿಂದ ಜೊಲ್ಲು ಸುರಿಯುವುದು, ಸುತ್ತಲಿನ ಪರಿವೆಯೇ ಇಲ್ಲದಂತೆ ವರ್ತಿಸುವುದು ಕಂಡರೆ ಮಾತ್ರ ಆ ಅನುಮಾನ ಸಹಜ. ಕೂದಲು ಉದುರಿ ಚರ್ಮ ಬಿರುಕುಬಿಟ್ಟಿದ್ದರೆ ಅದು ಸಾಮಾನ್ಯವಾಗಿ ಕಜ್ಜಿ ರೋಗವಾಗಿರುತ್ತದೆ.

ನಿಮ್ಮ ತಂದೆಯವರನ್ನು ಅದು ಬೇಟೆಗಾಗಿ ಹಿಂಬಾಲಿಸಿತು ಎಂದು ನನಗನ್ನಿಸುವುದಿಲ್ಲ. ಹತ್ತಿರದಲ್ಲಿ ಮರಿಗಳಿರುವ ಬಿಲವಿದ್ದಾಗ ತಾಯಿಯೋ ತಂದೆಯೋ ನಾಯಿಯೊಂದಿಗೆ ಬರುವವರನ್ನು ಅಂತರ ಕಾಯ್ದುಕೊಂಡು ಹಿಂಬಾಲಿಸುತ್ತದೆ, ತನ್ನ ಸರಹದ್ದಿನಿಂದ ಅವರು ಹೊರಗೆ ಹೋದುದನ್ನು ಖಚಿತಪಡಿಸಿಕೊಂಡು ಮರಳುತ್ತದೆ. ಅದರ ಕಣ್ಣಿಗೆ ಅಪಾಯವಾಗಿ ಕಾಣುವುದು ನಿಮ್ಮ ನಾಯಿ, ಏಕೆಂದರೆ ನಾಯಿಯೂ ಅದೇ ಕುಲದ ಪ್ರಾಣಿ. ತಿರುವು ದಾಟಿದ ಕೂಡಲೇ ಅದು ಹಿಂದಿರುಗಿತು ಎಂಬ ನಿಮ್ಮ ಮಾತು ಇದಕ್ಕೆ ಸರಿಹೊಂದುತ್ತದೆ. ಮರಿಗಳು ಬಿಲ ಬಿಡುವವರೆಗೆ, ಅಂದರೆ ಬೇಸಿಗೆ ಕಳೆಯುವವರೆಗೆ, ಆ ದಾರಿಯನ್ನು ಬಿಟ್ಟು ಬೇರೆ ಬೀದಿಯಲ್ಲಿ ನಡೆದರೆ ಸಾಕು.

ಷಿಕಾಗೋ ಇರುವ ನಮ್ಮ ಕುಕ್ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) 2000ನೇ ಇಸವಿಯಿಂದಲೂ ಒಹಾಯೋ ರಾಜ್ಯ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಗೆರ್ಟ್ ಅವರ ನೇತೃತ್ವದಲ್ಲಿ ನಗರದ ಕಯೋಟಿಗಳ ಅಧ್ಯಯನ ನಡೆಯುತ್ತಿದೆ. ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಅವುಗಳ ಓಡಾಟವನ್ನು ಇಷ್ಟು ದೀರ್ಘಕಾಲ ಗಮನಿಸಿದ ಊರು ಇನ್ನೊಂದು ಇರಲಾರದು. ಈ ಅಧ್ಯಯನದವರು 1,400ಕ್ಕೂ ಹೆಚ್ಚು ಹಿಕ್ಕೆಗಳನ್ನು ಬಿಡಿಸಿ, ಅದರಲ್ಲಿದ್ದ ಕೂದಲು, ಮೂಳೆಚೂರು, ಬೀಜಗಳನ್ನು ಬೇರ್ಪಡಿಸಿ ನೋಡಿದಾಗ ಶೇಕಡ 42ರಷ್ಟರಲ್ಲಿ ಇಲಿಯಂಥ ಸಣ್ಣ ದಂಶಕಗಳು, ಶೇಕಡ 23ರಲ್ಲಿ ಹಣ್ಣು, ಶೇಕಡ 22ರಲ್ಲಿ ಜಿಂಕೆ, ಶೇಕಡ 18ರಲ್ಲಿ ಮೊಲ ಸಿಕ್ಕಿದವು. ಒಂದೇ ಹಿಕ್ಕೆಯಲ್ಲಿ ಹಲವು ಬಗೆಯ ಆಹಾರ ಇರುವುದರಿಂದ ಈ ಅಂಕಿಗಳ ಮೊತ್ತ ನೂರನ್ನು ಮೀರುತ್ತದೆ. ಸಾಕುಬೆಕ್ಕಿನ ಕುರುಹು ಸಿಕ್ಕಿದ್ದು ಶೇಕಡ ಒಂದರ ಆಸುಪಾಸಿನಲ್ಲಿ ಮಾತ್ರ. ಹಾಗಾಗಿ ನಗರದ ಕಯೋಟಿಯು ಮುಖ್ಯವಾಗಿ ಇಲಿ, ಮೊಲ, ಹಣ್ಣುಗಳಿಂದ ಬದುಕುವ ಪ್ರಾಣಿ. ಕೆನಡಾ ಬಾತುಗಳ ಮೊಟ್ಟೆಗಳನ್ನು ತಿಂದು ಇಲ್ಲಿನ ಕೆರೆದಂಡೆಗಳಲ್ಲಿ ಅವುಗಳ ಸಂಖ್ಯೆ ಮಿತಿಮೀರದಂತೆ ನೋಡಿಕೊಳ್ಳುವುದೂ ಇದೇ.

ಇನ್ನು ಹಿಡಿದು ಬೇರೆಡೆ ಬಿಡುವ ಮಾತು. ನಿಮ್ಮ ರಾಜ್ಯದಲ್ಲಿ ಅದಕ್ಕೆ ಅವಕಾಶವಿಲ್ಲ. ಬೋನಿಗೆ ಬಿದ್ದ ಕಯೋಟಿಯನ್ನು ಕೊಲ್ಲಲಾಗುತ್ತದೆ ಎಂಬುದನ್ನು ಬೋನು ಕೇಳುವವರು ತಿಳಿದಿರಬೇಕು. ಕೊಂದ ಮೇಲೂ ಆ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಸ್ವಂತ ನೆಲೆಯಿಲ್ಲದೆ ಅಲೆಯುವ ಕಯೋಟಿಗಳು ಪ್ರತಿ ಊರಿನಲ್ಲೂ ಇರುತ್ತವೆ, ಅವುಗಳಲ್ಲಿ ಯಾವುದೋ ಒಂದು ಜೋಡಿ ಕೆಲವೇ ವಾರಗಳಲ್ಲಿ ಅಲ್ಲಿ ಬಂದು ನೆಲೆಸಬಹುದು. ಹೊಸದಾಗಿ ಬಂದದ್ದಕ್ಕೆ ನಿಮ್ಮ ಬೀದಿಯ ಜನರ ಅಭ್ಯಾಸವೂ ಇರುವುದಿಲ್ಲ, ಭಯವೂ ಇರುವುದಿಲ್ಲ. 1975ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಹಾಕಿದ ಲೆಕ್ಕದ ಪ್ರಕಾರ, ಒಂದು ಪ್ರದೇಶದ ಕಯೋಟಿ ಸಂಖ್ಯೆ ನಿಜವಾಗಿಯೂ ಇಳಿಯಬೇಕಾದರೆ ವರ್ಷವರ್ಷವೂ ಸುಮಾರು ಮುಕ್ಕಾಲು ಪಾಲನ್ನು ಕೊಲ್ಲುತ್ತಲೇ ಇರಬೇಕು. ಬಡಾವಣೆಯೊಂದು ಇದನ್ನು ಮಾಡಲು ಸಾಧ್ಯವೂ ಇಲ್ಲ, ಮಾಡುವುದು ಸರಿಯೂ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ಬೀದಿಯಲ್ಲಿ ನನಗೆ ನಿಜವಾಗಿ ಆತಂಕ ತಂದಿರುವುದು ರಾತ್ರಿ ಇಡುವ ಆ ನಾಯಿಯ ಆಹಾರ. ಅವರೊಂದಿಗೆ ಇಂದೇ ಮಾತನಾಡಿ.

ಉತ್ತರ 2 (ಸ್ಯಾನ್ ಫ್ರಾನ್ಸಿಸ್ಕೋ)

ಮೇಲಿನ ಉತ್ತರವನ್ನು ಗೌರವದಿಂದ ಓದಿದೆ. ಆದರೆ ಮಕ್ಕಳಿರುವ ಮನೆಯವರ ಭಯಕ್ಕೆ ಅಂಕಿಅಂಶಗಳಷ್ಟೇ ಸಮಾಧಾನವಾಗಲಾರವು. 2024ರ ಜೂನ್ ಕೊನೆಯಲ್ಲಿ ಇಲ್ಲಿನ ಗೋಲ್ಡನ್ ಗೇಟ್ ಉದ್ಯಾನದ ಸಸ್ಯೋದ್ಯಾನದಲ್ಲಿ ಬೇಸಿಗೆ ಶಿಬಿರಕ್ಕೆ ಬಂದಿದ್ದ ಐದು ವರ್ಷದ ಮಗುವೊಂದನ್ನು ಕಯೋಟಿ ಕಚ್ಚಿತು. ಅಧಿಕಾರಿಗಳು ಮೂರು ಕಯೋಟಿಗಳನ್ನು ಗುಂಡಿಟ್ಟು ಕೊಂದರು, ಅವುಗಳಲ್ಲಿ ಒಂದೇ ಕಚ್ಚಿದ್ದು ಎಂದು ಡಿಎನ್‌ಎ ಪರೀಕ್ಷೆಯಿಂದ ತಿಳಿಯಿತು. 1981ರಲ್ಲಿ ಗ್ಲೆಂಡೇಲ್‌ನಲ್ಲಿ ಮೂರು ವರ್ಷದ ಮಗು ಕಯೋಟಿಯ ದಾಳಿಯಿಂದ ಸತ್ತದ್ದೂ ಇದೇ ರಾಜ್ಯದಲ್ಲಿ. ಹೀಗಿರುವಾಗ ‘ಸಹಬಾಳ್ವೆ’ ಎಂಬ ಮಾತನ್ನು ಕೇಳಿಕೊಂಡು ಸುಮ್ಮನಿರಲು ಒಬ್ಬ ತಾಯಿಯಾಗಿ ನನಗೆ ಸಾಧ್ಯವಿಲ್ಲ. ಯಾವ ಹಂತದಲ್ಲಿ ಒಂದು ಪ್ರಾಣಿಯನ್ನು ಅಪಾಯಕಾರಿ ಎಂದು ಪರಿಗಣಿಸಬೇಕು ಎಂಬುದನ್ನು ಯಾರಾದರೂ ಸ್ಪಷ್ಟವಾಗಿ ಹೇಳಬೇಕು.

ಉತ್ತರ 3 (ಮರಿನ್ ಕೌಂಟಿ, ಕ್ಯಾಲಿಫೋರ್ನಿಯಾ)

ತಾಯಿಯಾಗಿ ನೀವು ಕೇಳಿರುವ ಪ್ರಶ್ನೆ ನ್ಯಾಯವಾದದ್ದು, ಮೇಡಂ. ಉತ್ತರ ಅಮೆರಿಕದಲ್ಲಿ ಕಯೋಟಿಯಿಂದ ಮನುಷ್ಯರು ಸತ್ತ ದಾಖಲೆಯಾದ ಪ್ರಕರಣಗಳು ಎರಡು. ಒಂದು ನೀವು ಹೇಳಿದ ಗ್ಲೆಂಡೇಲ್‌ನದು. ಇನ್ನೊಂದು 2009ರಲ್ಲಿ ಕೆನಡಾದ ಕೇಪ್ ಬ್ರೆಟನ್ ಹೈಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ 19 ವರ್ಷದ ಯುವತಿಯೊಬ್ಬರ ಸಾವು. ಆ ಉದ್ಯಾನದ ಕಯೋಟಿಗಳು ಸಣ್ಣ ಬೇಟೆ ವಿರಳವಾಗಿದ್ದರಿಂದ ಮೂಸ್ ಎಂಬ ದೈತ್ಯ ಜಿಂಕೆಯಂಥ ಭಾರೀ ಪ್ರಾಣಿಯನ್ನೇ ಹಿಡಿದು ಬದುಕುತ್ತಿದ್ದವು ಎಂದು ಮುಂದೆ ನಡೆದ ಸಂಶೋಧನೆಯಿಂದ ತಿಳಿಯಿತು. ನಗರದ ಕಯೋಟಿಯ ಸ್ಥಿತಿ ಅದಲ್ಲ. ಇದೇ ಅಮೆರಿಕದಲ್ಲಿ ನಾಯಿ ಕಡಿತದಿಂದ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಜನ ಸಾಯುತ್ತಾರೆ. ಆದರೆ ಚಿಕ್ಕ ಮಕ್ಕಳನ್ನು ಹೊರಗೆ ಒಂಟಿಯಾಗಿ ಬಿಡಬಾರದು ಎಂಬ ನಿಯಮ ಇದರಿಂದ ಸಡಿಲವಾಗುವುದಿಲ್ಲ.

ಅಪಾಯಕಾರಿ ಎನ್ನುವುದಕ್ಕೆ ಕೆಲವು ಮೆಟ್ಟಿಲುಗಳಿವೆ. ದೂರದಲ್ಲಿ ಕಾಣಿಸುವುದು, ರಾತ್ರಿ ಊಳಿಡುವುದು, ಬಿಲದ ಬಳಿ ಹಿಂಬಾಲಿಸುವುದು ಸಹಜ ನಡತೆ. ಜನರನ್ನು ಕಂಡರೂ ಕದಲದೆ ನಿಲ್ಲುವುದು, ಹಗಲಿನಲ್ಲೇ ಹಿತ್ತಿಲಿಗೆ ಬಂದು ಕೂರುವುದು ಎಚ್ಚರಿಕೆಯ ಹಂತ, ಅಲ್ಲಿ ಬೆದರಿಸುವ ಕೆಲಸ ಶುರುವಾಗಬೇಕು. ಲೀಶ್‌ನಲ್ಲಿರುವ (ಕೊರಳ ಹಗ್ಗ ಹಿಡಿದಿರುವ) ನಾಯಿಯ ಮೇಲೆ ಮಾಲೀಕರ ಎದುರಿಗೇ ಎರಗುವುದು, ಮಕ್ಕಳು ಆಡುವ ಹೊತ್ತು ನೋಡಿಕೊಂಡು ಮೈದಾನಕ್ಕೆ ಬರುವುದು ಕಂಡರೆ ತಡಮಾಡದೆ ನಗರದ ಪ್ರಾಣಿ ನಿಯಂತ್ರಣ ವಿಭಾಗಕ್ಕೆ ಅಥವಾ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಗೆ ತಿಳಿಸಬೇಕು. ಮನುಷ್ಯರನ್ನು ಕಚ್ಚಿದ ಪ್ರಾಣಿಯನ್ನು ತೆಗೆಯಲೇಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕಯೋಟಿ ಆ ಕೊನೆಯ ಹಂತಕ್ಕೆ ಬಂದಿದೆ ಎಂದರೆ ಹೆಚ್ಚಾಗಿ ಅದರ ಹಿಂದೆ ಆಹಾರ ಇಡುವ ಕೈಯೊಂದು ಇರುತ್ತದೆ. ಈ ರಾಜ್ಯದಲ್ಲಿ ಕಯೋಟಿಗೆ ಆಹಾರ ಹಾಕುವುದು ಕಾನೂನಿಗೆ ವಿರುದ್ಧ ಎಂಬುದನ್ನು ಆ ನೆರೆಯವರಿಗೆ ಸೌಜನ್ಯದಿಂದಲೇ ತಿಳಿಸಬಹುದು.

ಬೆದರಿಸುವುದು ಎಂದರೆ ಹಿಂಸಿಸುವುದಲ್ಲ. ಅದರ ಕಡೆ ಮುಖಮಾಡಿ ನಿಂತು, ಎರಡು ಕೈಗಳನ್ನೂ ಮೇಲೆತ್ತಿ ಬೀಸುತ್ತ, ದಪ್ಪ ಧ್ವನಿಯಲ್ಲಿ ಕೂಗಬೇಕು. ಕನ್ನಡದಲ್ಲೇ ಗದರಿದರೂ ಅದಕ್ಕೆ ಅರ್ಥವಾಗುತ್ತದೆ. ತಟ್ಟೆ ಬಡಿಯಬಹುದು, ಸೀಟಿ ಊದಬಹುದು, ಹಿತ್ತಿಲಿನಲ್ಲಾದರೆ ಪೈಪಿನಿಂದ ನೀರು ಹಾರಿಸಬಹುದು. ಅದು ಹತ್ತು ಹೆಜ್ಜೆ ಸರಿದು ನಿಂತು ತಿರುಗಿ ನೋಡುತ್ತದೆ. ಬಹಳ ಜನ ಅಷ್ಟಕ್ಕೇ ತೃಪ್ತರಾಗಿ ಒಳಗೆ ಹೋಗಿಬಿಡುತ್ತಾರೆ. ಹಾಗೆ ಮಾಡಬಾರದು, ಕಣ್ಣಿಗೆ ಕಾಣದಂತೆ ಹೋಗುವವರೆಗೂ ಗದರಿಸುತ್ತಲೇ ಇರಬೇಕು, ಇಲ್ಲವಾದರೆ ಇವರ ಗದ್ದಲ ಎರಡು ನಿಮಿಷದ್ದು ಎಂದು ಅದು ಕಲಿತುಬಿಡುತ್ತದೆ. ಬೆನ್ನು ತಿರುಗಿಸಿ ಓಡುವುದಂತೂ ಕೂಡದು. ನಾಯಿ ಚಿಕ್ಕದಾದರೆ ಕೂಡಲೇ ಎತ್ತಿಕೊಳ್ಳಬೇಕು. ಒಂದು ವಿನಾಯಿತಿಯಿದೆ: ಮರಿಗಳಿರುವ ಬಿಲದ ಹತ್ತಿರ ಬೆದರಿಸಲು ಹೋಗಬಾರದು, ಏಕೆಂದರೆ ಅಲ್ಲಿಂದ ಅದು ಹೋಗುವುದಿಲ್ಲ. ಅಲ್ಲಿ ನಾವೇ ಅದರ ಕಡೆ ನೋಡುತ್ತ ನಿಧಾನವಾಗಿ ಹಿಂದೆ ಸರಿಯಬೇಕು. ನಿಮ್ಮ ತಂದೆಯವರ ವಿಷಯಕ್ಕೆ ಈ ಮಾತು ಅನ್ವಯಿಸುತ್ತದೆ.

ನಾನು ಇಲ್ಲಿ ಕೆಲವು ಆಡುಗಳನ್ನು ಸಾಕುತ್ತಿದ್ದೇನೆ. ಹುಟ್ಟಿದ್ದು ಕೊಪ್ಪಳದ ಕಡೆ, ತೋಳಗಳಿರುವ ಸೀಮೆಯಲ್ಲಿ. ಅಲ್ಲಿನ ಕುರಿಗಾಹಿಗಳು ಕತ್ತಲಾಗುವ ಮೊದಲು ಬಲೆ ಕಟ್ಟಿ ಕುರಿಗಳನ್ನು ಒಳಗೆ ಕೂಡಿ, ಸುತ್ತ ನಾಯಿಗಳನ್ನು ಬಿಟ್ಟು, ತಾವೂ ಪಕ್ಕದಲ್ಲೇ ಮಲಗುತ್ತಾರೆ. ಇಲ್ಲಿ ಅಮೆರಿಕದ ಸರ್ಕಾರ ದಶಕಗಳ ಕಾಲ ವಿಷವನ್ನೇ ನಂಬಿತ್ತು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಅವರು ಕೇಂದ್ರ ಸರ್ಕಾರದ ಭೂಮಿಯಲ್ಲಿ ವಿಷಪ್ರಯೋಗವನ್ನು ತಡೆದರಾದರೂ ಕೇಂದ್ರ ಕೃಷಿ ಇಲಾಖೆಯ ವನ್ಯಜೀವಿ ವಿಭಾಗ ಇತ್ತೀಚಿನವರೆಗೂ ವರ್ಷಕ್ಕೆ 60,000ದಷ್ಟು ಕಯೋಟಿಗಳನ್ನು ಕೊಲ್ಲುತ್ತಿತ್ತು. ಇಷ್ಟಾದರೂ ಒಂದು ಕಾಲದಲ್ಲಿ ಪಶ್ಚಿಮದ ಬಯಲುಗಳಲ್ಲಿದ್ದ ಈ ಪ್ರಾಣಿ ಇಂದು ಹವಾಯಿಯೊಂದನ್ನು ಬಿಟ್ಟು ಎಲ್ಲ ರಾಜ್ಯಗಳಲ್ಲೂ ಇದೆ. ತೋಳಗಳನ್ನು ಅಳಿಸಿಹಾಕಿ ಅದಕ್ಕೆ ದಾರಿ ಮಾಡಿಕೊಟ್ಟದ್ದೂ ಮನುಷ್ಯರೇ. ನಮ್ಮ ಮರಿನ್ ಕೌಂಟಿ 2000ದ ಸುಮಾರಿಗೆ ಆ ಕೇಂದ್ರ ವನ್ಯಜೀವಿ ವಿಭಾಗದ ಸೇವೆಯನ್ನು ಬಿಟ್ಟು, ಅದೇ ಹಣವನ್ನು ಸಾಕಣೆದಾರರ ಬೇಲಿ, ಕಾವಲು ನಾಯಿ, ಮಂದೆ ಕಾಯುವ ಲಾಮಾ ಎಂಬ ಒಂಟೆ ಜಾತಿಯ ಪ್ರಾಣಿಗಳಿಗೆ ಕೊಡಲಾರಂಭಿಸಿತು. ನನ್ನ ಆಡುಗಳನ್ನು ರಾತ್ರಿ ಕಾಯುತ್ತಿರುವುದು ವಿದ್ಯುತ್ ಬೇಲಿ ಮತ್ತು ಎರಡು ದೊಡ್ಡ ಬಿಳಿ ಪಿರನೀಸ್ ನಾಯಿಗಳು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಪ್ಪ ಇಂದಿನಿಂದ ದಾರಿ ಬದಲಿಸಿದ್ದಾರೆ. ನೆರೆಯವರ ಬಳಿ ನಾಳೆ ಹೋಗುತ್ತೇನೆ. ಇನ್ನೆರಡು ವಿಷಯ ಉಳಿದಿವೆ. ಅಮ್ಮನ ಕಾಗೆಯ ಅನ್ನವನ್ನು ನಿಲ್ಲಿಸಬೇಕೇ? ಅವರಿಗೆ ಅದು ಬರೀ ಅಭ್ಯಾಸವಲ್ಲ, ಹೋದವರ ನೆನಪು. ಹಿತ್ತಿಲ ಬೇಲಿ ಐದು ಅಡಿಯಿದೆ, ಅಷ್ಟು ಸಾಕೇ? ಸಂಘದವರು ಇಲಿ ಪಾಷಾಣದ ಪೆಟ್ಟಿಗೆಗಳನ್ನೂ ಇಡುತ್ತೇವೆ ಎನ್ನುತ್ತಿದ್ದಾರೆ.

ಉತ್ತರ 4 (ಷಿಕಾಗೋ ಹೊರವಲಯ, ಮೊದಲು ಬರೆದವರು)

ಐದು ಅಡಿ ಸಾಲದು, ಕಯೋಟಿ ಅದನ್ನು ಸಲೀಸಾಗಿ ಹತ್ತಿ ಇಳಿಯುತ್ತದೆ. ಆರು ಅಡಿ ಎತ್ತರಿಸಿ, ಮೇಲಂಚಿಗೆ ಉರುಳುವ ಕೊಳವೆ ಹಾಕಿಸಿದರೆ ಕಾಲಿಗೆ ಹಿಡಿತ ಸಿಗುವುದಿಲ್ಲ. ಕೆಳಗೆ ಒಂದು ಅಡಿಯಾದರೂ ತಂತಿಜಾಲರಿಯನ್ನು ನೆಲದೊಳಗೆ ಹೂಳಿಸಿ, ಏಕೆಂದರೆ ಅದು ಬೇಲಿಯಡಿ ತೋಡುವುದರಲ್ಲೂ ನಿಪುಣ. ಅಷ್ಟಾದರೂ ಮುಂಜಾನೆ ಮತ್ತು ಸಂಜೆ ನಾಯಿಯನ್ನು ಒಂಟಿಯಾಗಿ ಹಿತ್ತಿಲಿಗೆ ಬಿಡಬೇಡಿ. ಹೊರಗೆ ಕರೆದೊಯ್ಯುವಾಗ ಆರು ಅಡಿ ಉದ್ದದ ಸಾಮಾನ್ಯ ಲೀಶ್ ಇರಲಿ, ಎಳೆದಷ್ಟೂ ಉದ್ದವಾಗುವಂಥದ್ದು ಬೇಡ.

ಇಲಿ ಪಾಷಾಣವನ್ನು ದಯವಿಟ್ಟು ವಿರೋಧಿಸಿ. ಅದನ್ನು ತಿಂದ ಇಲಿ ಒಡನೆಯೇ ಸಾಯುವುದಿಲ್ಲ, ನಿಧಾನವಾಗಿ ಓಡಾಡುತ್ತಿರುವಾಗಲೇ ಕಯೋಟಿಗೋ ಗೂಬೆಗೋ ಸುಲಭವಾಗಿ ಸಿಕ್ಕಿ, ವಿಷ ಅವುಗಳ ಮೈಗೂ ಸೇರುತ್ತದೆ. ಉಚಿತವಾಗಿ ಇಲಿ ಹಿಡಿಯುತ್ತಿರುವ ಪ್ರಾಣಿಯನ್ನು ಹೀಗೆ ಕಾಯಿಲೆಗೆ ತಳ್ಳುವುದರಲ್ಲಿ ಯಾವ ಲಾಭವೂ ಇಲ್ಲ. ಸಂಘದವರು ಇಲಿಗಳು ನುಸುಳುವ ಸಂದುಗಳನ್ನು ಮುಚ್ಚಿಸಲಿ, ಕಸದ ತೊಟ್ಟಿಗಳಿಗೆ ಬಿಗಿಯಾದ ಮುಚ್ಚಳ ಹಾಕಿಸಲಿ.

ಅಮ್ಮನವರ ಅನ್ನದ ವಿಷಯ. ಅನ್ನವನ್ನು ಕಯೋಟಿಯೇ ಬಂದು ತಿನ್ನಬೇಕೆಂದಿಲ್ಲ, ಉಳಿದ ಅಗುಳಿಗೆ ಇಲಿ ಬರುತ್ತದೆ, ಇಲಿಗೆ ಕಯೋಟಿ ಬರುತ್ತದೆ. ಆದ್ದರಿಂದ ಕಲ್ಲಿನ ಮೇಲೆ ಇಟ್ಟು ಒಳಗೆ ಬರುವುದು ಬೇಡ. ನಮ್ಮ ಅತ್ತೆಯವರು ಇಲ್ಲಿದ್ದಾಗ ಒಂದು ಚಿಕ್ಕ ತಟ್ಟೆಯಲ್ಲಿ ನಾಲ್ಕೇ ಅಗುಳು ಇಟ್ಟು, ಬಾಗಿಲ ಬಳಿ ಕುರ್ಚಿ ಹಾಕಿ ಕುಳಿತು, ಕಾಗೆ ಬಂದು ಹೋಗುವವರೆಗೆ ಕಾಯುತ್ತಿದ್ದರು. ಕಾಲು ಗಂಟೆಯಲ್ಲಿ ಬಾರದಿದ್ದರೆ ತಟ್ಟೆಯನ್ನು ಒಳಗೆ ತಂದು ತೊಳೆದಿಡುತ್ತಿದ್ದರು. ನಿಮ್ಮ ಅಮ್ಮನವರಿಗೂ ಇದು ಒಪ್ಪಿಗೆಯಾಗಬಹುದು. ಹಿತ್ತಿಲಿನಲ್ಲಿ ಅಂಜೂರವೋ ಪರ್ಸಿಮನ್ನೋ ಇದ್ದರೆ ಉದುರಿದ ಹಣ್ಣನ್ನು ಅಂದಂದೇ ಹೆಕ್ಕಿಬಿಡಿ, ಕಸದ ತೊಟ್ಟಿಯನ್ನು ಹಿಂದಿನ ರಾತ್ರಿಯ ಬದಲು ಅದೇ ದಿನ ಬೆಳಿಗ್ಗೆ ಬೀದಿಗೆ ಇಡಿ.

ಸೆಪ್ಟೆಂಬರ್ ನಂತರ ಮರಿಗಳು ದೊಡ್ಡವಾಗಿ ತಮ್ಮದೇ ಜಾಗ ಹುಡುಕುತ್ತ ಹೊರಡುವ ಕಾಲ. ಆಗ ಇನ್ನೂ ಎರಡು ಮೂರು ಎಳೆಯ ಕಯೋಟಿಗಳು ನಿಮ್ಮ ಬೀದಿಯಲ್ಲಿ ಕಾಣಿಸಬಹುದು. ಅವುಗಳಿಗೆ ಮೊದಲ ಬಾರಿ ಕಂಡಾಗಲೇ ತಟ್ಟೆ ಬಡಿದು ಜೋರಾಗಿ ಗದರಿಸಿ, ನೆರೆಯವರಿಗೂ ಹಾಗೆಯೇ ಮಾಡಲು ಈಗಲೇ ಹೇಳಿಡಿ.